ಮೋಟಾರಿನ ಎರಡನೇ ಬಾಯಿ

ಮೂಡಲಗಿ
೨ ಮಾರ್ಚ್ ೧೯೩೮, ಬುಧವಾರ

ಗೋಕಾಕದ ಬಾಬಾಲಾಲ ಮಿಸ್ತ್ರಿಯವರಿಗೆ ಮೂಡಲಗಿಯ ಶಿವಗಂಗವ್ವ ಯಾರ ಕೈಯಿಂದಲೂ ಬರೆಸದೆ ತಾನೇ ಬರೆದದ್ದು.

ನಾವು ಕ್ಷೇಮ. ಮೋಟಾರು ಕ್ಷೇಮವಿಲ್ಲ.

ಹೋದ ವಾರ ನಮ್ಮ ಡ್ರೈವರ್ ಶೆಟ್ಟೆಪ್ಪ ಗಾಡಿಯನ್ನು ನಿಮ್ಮಲ್ಲಿಂದ ತಂದಾಗ ನೀವು ಹೇಳಿ ಕಳಿಸಿದ ಮಾತು ನನಗೆ ನೆನಪಿದೆ. ಎಂಜಿನ್ನಿನ ತಾಮ್ರದ ಪ್ಯಾಕಿಂಗ್ ಹರಿದಿತ್ತು, ಅದಕ್ಕೇ ಎಣ್ಣೆ ಹೋಗಿ ನೀರಿಗೆ ಸೇರುತ್ತಿತ್ತು, ಈಗ ಹೊಸದು ಹಾಕಿದ್ದೇನೆ, ಮೊಮ್ಮಕ್ಕಳ ಕಾಲಕ್ಕೂ ಈ ಗಾಡಿ ಕುದಿಯುವುದಿಲ್ಲ ಎಂದಿರಿ. ಮೊಮ್ಮಕ್ಕಳ ಮಾತು ಬಿಡಿ, ನಿನ್ನೆ ಮಂಗಳವಾರವೇ ಕುದಿಯಿತು. ಗೋಕಾಕದ ಕೋರ್ಟಿಗೆ ಹೊರಟವರು ಗಾಡಿಯಲ್ಲಿದ್ದರು. ಊರು ಕಣ್ಣಿಗೆ ಕಾಣುತ್ತಿರುವಾಗ ಮುಂದಿನ ನೀರಿನ ಮುಚ್ಚಳ ಹಾರಿ, ಹಳದಿ ನೊರೆ ಉಕ್ಕಿ, ಒಬ್ಬರ ಹೊಸ ಧೋತರದ ಮೇಲೆ ಬಿತ್ತು. ಅವರು ನಡೆದು ಮುಟ್ಟುವಷ್ಟರಲ್ಲಿ ಕೋರ್ಟಿನಲ್ಲಿ ಅವರ ಹೆಸರು ಕೂಗಿ ಮುಗಿದಿತ್ತು. ದಾವೆ ಅವರ ಕೈ ಬಿಟ್ಟಿತು, ಅವರು ನಮ್ಮ ಗಾಡಿಯನ್ನು ಬಿಟ್ಟರು.

ಈ ಗಾಡಿ ನನ್ನ ಯಜಮಾನರು ವೀರಪ್ಪನವರು ಮನೆಯ ಎತ್ತಿನ ಜೋಡಿ ಮಾರಿ, ಗೋಕಾಕ ಫಾಲ್ಸಿನ ನೂಲಿನ ಗಿರಣಿಯ ಒಬ್ಬ ಸಾಹೇಬರಿಂದ ಕೊಂಡದ್ದು. ಅವರು ಜ್ವರ ಬಂದು ತೀರಿಕೊಂಡು ಬರುವ ಶ್ರಾವಣಕ್ಕೆ ವರ್ಷ. ಈಗ ನನ್ನ ಊಟ, ನಮ್ಮ ಅತ್ತೆ ಬಾಳವ್ವನವರ ಊಟ, ಎರಡೂ ಈ ಗಾಡಿಯ ಬಾಡಿಗೆಯಲ್ಲಿದೆ. ಹುಕ್ಕೇರಿಯ ಅಪ್ಪಣ್ಣ ಎಂಬ ವ್ಯಾಪಾರಿ ಗಾಡಿ ಕೊಡುತ್ತೀರಾ ಎಂದು ಹೇಳಿ ಕಳಿಸುತ್ತಲೇ ಇದ್ದಾನೆ. ಕೊಡುವ ಮನಸ್ಸಿಲ್ಲ. ನೀವು ಮನಸ್ಸು ಮಾಡಿಸುತ್ತಿದ್ದೀರಿ.

ಹಳೆಯ ಪ್ಯಾಕಿಂಗನ್ನೇ ತಿಕ್ಕಿ ತೊಳೆದು ಹೊಸದೆಂದು ಹಾಕಿದ್ದೀರಿ ಎಂಬುದು ನನ್ನ ಸಂಶಯ. ಸದ್ಯಕ್ಕೆ ಸಂಶಯ ಎಂದೇ ಬರೆದಿದ್ದೇನೆ. ಇನ್ನೊಂದು ಸಲ ಕುದಿದರೆ ಬೇರೆ ಶಬ್ದ ಬರೆಯುತ್ತೇನೆ.

ಶಿವಗಂಗವ್ವ


ಗೋಕಾಕ
೫ ಮಾರ್ಚ್ ೧೯೩೮

ಶಿವಗಂಗವ್ವ ಅಕ್ಕಾರಿಗಿ ಬಾಬಾಲಾಲ ಮಿಸ್ತ್ರಿ ಮಾಡೂ ಶರಣು ಮತ್ತ ಸಲಾಮು. ಒಂದು ನಿಮಗ, ಒಂದು ನಿಮ್ಮ ಸಿಟ್ಟಿಗಿ.

ನಿಮ್ಮ ಪತ್ರ ಕೈಯಾಗ ಹಿಡದೆ, ಬಿಸಿ ತಾಳಲಾರದ ಕೆಳಗ ಇಟ್ಟೆ. ಆರಿದ ಮ್ಯಾಲ ಓದಿದೆ. ಗಾಡಿ ಕುದ್ದದ್ದು ದಾರ್‍ಯಾಗೋ, ನಿಮ್ಮ ಅಂಗಳದಾಗೋ ಅಂತ ಇನ್ನೂ ತಿಳೀವಲ್ದು.

ನಮ್ಮ ಗೋಕಾಕದಾಗ ಹಲ್ಲಿಗಿ ಅಂಟೂದು ಕರದಂಟು, ಹೆಸರಿಗಿ ಅಂಟೂದು ಇಂಥಾ ಪತ್ರ. ಕರದಂಟು ನೀರ ಮುಕ್ಕಳಿಸಿದರ ಹೋಗತೈತಿ. ಪತ್ರ ಹೋಗಂಗಿಲ್ಲ. ಅದಕ್ಕ ಹೇಳತೇನಿ, ಪ್ಯಾಕಿಂಗ ಹೊಸಾದು. ಹಳೇದು ನನ್ನ ಗ್ಯಾರೇಜ ಗ್ವಾಡಿಗಿ ಮೊಳಿ ಹೊಡದು ತೂಗ ಹಾಕೇನಿ. ಬಂದು ನೋಡ್ರಿ, ಅದರ ತೂತಿನ್ಯಾಗ ನನ್ನ ಕೈಬಟ್ಟ ಹೋಗತೈತಿ.

ನನ್ನ ಹೆಸರಿನ್ಯಾಗ ಲಾಲ ಐತಿ, ಕೈ ಮಾತ್ರ ಕಾಳಾ. ಆದರ ಅದು ಎಣ್ಣಿ ಕಪ್ಪು ಅಕ್ಕಾರ, ಮನಸಿಂದಲ್ಲ.

ಗಾಡಿ ಕಳಸ್ರಿ. ಶೆಟ್ಟೆಪ್ಪನ ಕಣ್ಣ ಮುಂದನ ಬಿಚ್ಚತೇನಿ. ಮೂಡಲಗಿಂದ ಹೊಂಟದ್ದು ಮೂಡೂದು ಬಿಟ್ಟು ಗೋಕಾಕ ಹತ್ರ ಬಂದು ಮುಳಗತೈತಿ ಅಂದರ ನನಗೂ ನಾಚಿಕಿನ.

ಬಾಬಾಲಾಲ


ಮೂಡಲಗಿ
೧೬ ಮಾರ್ಚ್ ೧೯೩೮

ಬಾಬಾಲಾಲ ಮಿಸ್ತ್ರಿಯವರಿಗೆ,

ಶಬ್ದದ ಆಟ ಸಾಕು. ಗಾಡಿ ನಿಮ್ಮಿಂದ ಎರಡನೇ ಸಲ ಬಂತು. ಶುಕ್ರವಾರ ಓಡಿತು, ಶನಿವಾರ ಓಡಿತು, ರವಿವಾರವೂ ಓಡಿತು. ನಿನ್ನೆ ಮಂಗಳವಾರ ಮತ್ತೆ ಅದೇ ಹಳದಿ ನೊರೆ. ನಡುವೆ ಸೋಮವಾರ ಅದು ಮನೆಯಲ್ಲೇ ಇತ್ತು. ಸೋಮವಾರ ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತು ಹೋಗಿ ಗಾಡಿ ಬಂದರೂ ಯಜಮಾನರು ಅದೇ ನೇಮ ನಡೆಸಿದರು, ನಾನೂ ನಡೆಸಿದ್ದೇನೆ. ವಿಶ್ರಾಂತಿ ತೆಗೆದುಕೊಂಡ ಮರುದಿನವೇ ಕುದಿಯುವ ಗಾಡಿಯನ್ನು ನಾನು ಎಲ್ಲೂ ಕೇಳಿಲ್ಲ.

ಶೆಟ್ಟೆಪ್ಪನನ್ನು ಅಂಗಳದಲ್ಲಿ ನಿಲ್ಲಿಸಿ, ನಿಮ್ಮ ಗ್ಯಾರೇಜಿನಲ್ಲಿ ನಡೆದದ್ದನ್ನೆಲ್ಲ ಹೇಳಿಸಿದೆ. ಅವನ ಮಾತನ್ನೇ ಬರೆಯುತ್ತೇನೆ, ಅಲ್ಲವೆನ್ನಲು ನಿಮಗೆ ದಾರಿ ಇರಬಾರದು.

"ಅವ್ವಾರ, ಮಿಸ್ತ್ರಿ ಮುಂದಿನ ಮುಚ್ಚಳ ತಗದಾನ್ರಿ. ಕೈಬಟ್ಟ ಅದ್ದಿ ಮೂಸ್ಯಾನ್ರಿ. ಆಮ್ಯಾಲ ನಾಲಗಿಗಿ ಇಟಗೊಂಡಾನ್ರಿ."

"ನಾಲಗಿಗಿ?"

"ಹೌದ್ರಿ. ಕಣ್ಣ ಮುಚ್ಚಿ ಚಪ್ಪರಿಸ್ಯಾನ್ರಿ, ಪಾಯಸಾ ಕುಡದಾಂಗ. ಆಮ್ಯಾಲ ಒಬ್ಬಾಂವನ ನಗಾಕ ಹತ್ಯಾನ್ರಿ."

"ಏನಂದ?"

"'ನಿಮ್ಮ ಮನ್ಯಾಗ ಅಡಗಿಗಿ ಯಾವ ಎಣ್ಣಿ?' ಅಂದಾನ್ರಿ. ಕುಸುಬಿ ಎಣ್ಣಿ ಅಂದೆ. 'ಎತ್ತ ಎಲ್ಲಿ ಕಟ್ಟತಿದ್ರಿ?' ಅಂದಾನ್ರಿ. ಈಗ ಗಾಡಿ ನಿಲ್ಲಸ್ತೇವಲ್ಲ, ಅದ ಕೊಟ್ಟಿಗ್ಯಾಗ ಅಂದೆ. 'ಮನ್ಯಾಗ ಹಿರ್‍ಯಾರ ಯಾರು?' ಅಂದಾನ್ರಿ. ಬಾಳವ್ವಾಯಿ ಅಂದೆ. ಮತ್ತ ನಕ್ಕಾನ್ರಿ. ಆಮ್ಯಾಲ ಕಣ್ಣ ಒರಸಿಕೊಂಡಾನ್ರಿ. ಕೂಲಿ ಕೊಡಾಕ ಹೋದರ ಬ್ಯಾಡಂದಾನ್ರಿ."

ನಾವು ಯಾವ ಎಣ್ಣೆ ತಿನ್ನುತ್ತೇವೆ, ಕೊಟ್ಟಿಗೆ ಎಲ್ಲಿದೆ, ಮನೆಯಲ್ಲಿ ಯಾರಿರುತ್ತಾರೆ ಎಂಬುದೆಲ್ಲ ಮೋಟಾರು ದುರಸ್ತಿ ಮಾಡುವವರಿಗೆ ಏಕೆ ಬೇಕು? ಕನ್ನ ಹಾಕುವವರು ಮೊದಲು ಕೇಳುವ ಪ್ರಶ್ನೆಗಳಿವು. ಮತ್ತೆ, ಕೂಲಿ ಬೇಡ ಎನ್ನುವ ಮಿಸ್ತ್ರಿಯನ್ನು ಈ ಸುತ್ತಿನ ಊರುಗಳಲ್ಲಿ ಯಾರೂ ಕಂಡಿಲ್ಲ. ತಪ್ಪಿಲ್ಲದವನು ಕೂಲಿ ಬಿಡುವುದಿಲ್ಲ.

ಶೆಟ್ಟೆಪ್ಪನ ಮೇಲೂ ನನಗೀಗ ನಂಬಿಕೆ ಕಡಿಮೆಯಾಗಿದೆ. ಅದಕ್ಕೆ ಕೊಟ್ಟಿಗೆಗೆ ದೊಡ್ಡ ಕೀಲಿ ಜಡಿದು, ಕೀಲಿಕೈಯನ್ನು ನಮ್ಮ ಅತ್ತೆಯವರ ಉಡಿಯಲ್ಲಿ ಇಟ್ಟಿದ್ದೇನೆ. ಇನ್ನು ಯಾರು ಗಾಡಿ ಮುಟ್ಟುತ್ತಾರೋ ನೋಡೋಣ.

ಶಿವಗಂಗವ್ವ


ಗೋಕಾಕ
೨೦ ಮಾರ್ಚ್ ೧೯೩೮

ಶಿವಗಂಗವ್ವ ಅಕ್ಕಾರ,

ಕೀಲಿಕೈ ಬಾಳವ್ವಾಯಿ ಉಡ್ಯಾಗ ಇಟ್ಟೀರಿ ಅಂತ ಓದಿ ಊಟ ಬಿಟ್ಟು ನಕ್ಕೆ. ನಮ್ಮ ಮನಿಯಾಕಿ ಹಜರತಬಿ, "ಮುದುಕಗ ಏನಾತು?" ಅಂತ ನೀರ ತಂದು ತಲಿ ಮ್ಯಾಲ ಹೊಯ್ದಳು. ಛಲೋ ಕಡೆನ ಇಟ್ಟೀರಿ ಬಿಡ್ರಿ. ಅದಕ್ಕಿಂತ ಛಲೋ ಕಡೆ ಇಲ್ಲ.

ನಾನು ನಾಲಗಿಗಿ ಇಟಗೊಂಡದ್ದು ಖರೆ. ನಮ್ಮಪ್ಪ ಟಾಂಗಾ ಹೊಡಿತಿದ್ದ. ದುಡ್ಯೂ ಪ್ರಾಣಿ ಬಾಯಾಗ ಮಂದಿ ಏನೇನ ಹಾಕ್ತಾರ ಅಂತ ನೋಡಕೋತ ಬೆಳದಾಂವ ನಾ. ಏನ ರುಚಿ ಬಂತು ಅಂತ ಕೇಳಬ್ಯಾಡ್ರಿ. ಹೇಳಿದರ ಮಾತು ನನ್ನ ಬಾಯಿಂದ ಹೊಂಟು ನಿಮ್ಮ ಮನಿ ಬಾಗಲಾ ಮುರದೀತು. ನಟ್ಟ ಬಿಚ್ಚಿದರ ತಿರಗಾ ಬಿಗಿಬಹುದು. ಗುಟ್ಟ ಬಿಚ್ಚಿದರ ಬಿಗಿಯೂ ಪಾನಾ ನನ್ನ ಹಂತ್ಯಾಕ ಇಲ್ಲ.

ತಪ್ಪು ನಂದ ಅಂತ ತಿಳಕೊಳ್ರಿ. ಊರಾಗ ಹಂಗ ಹೇಳ್ರಿ, ನಾ ಅಲ್ಲ ಅನ್ನಂಗಿಲ್ಲ. ಒಂದ ಮಾತ ಕೇಳ್ರಿ: ಬರೂ ಸೋಮವಾರ ಒಂದ ದಿವಸ ಗಾಡಿ ಮನ್ಯಾಗ ನಿಲ್ಲಿಸಬ್ಯಾಡ್ರಿ. ಓಡಾಡಾಕ ಕಳಸ್ರಿ. ಮಂಗಳವಾರ ಏನಾಗತೈತಿ ನೋಡ್ರಿ.

ಬಾಬಾಲಾಲ


ಮೂಡಲಗಿ
೨೪ ಮಾರ್ಚ್ ೧೯೩೮

ಬಾಬಾಲಾಲ ಮಿಸ್ತ್ರಿಯವರಿಗೆ,

ತಪ್ಪು ನಿಮ್ಮದೇ ಎಂದು ನಿಮ್ಮ ಕೈಯಿಂದ ಬರೆದ ಪತ್ರವನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ವಕೀಲರಿಗೆ ಬೇಕಾದೀತು.

ಸೋಮವಾರ ಗಾಡಿ ಹೂಡಬೇಕೆಂದು ಹೇಳುತ್ತೀರಿ. ದುರಸ್ತಿ ಬಿಟ್ಟು ನಮ್ಮ ನೇಮಕ್ಕೆ ಕೈ ಹಾಕಿದ್ದೀರಿ. ನಿಮ್ಮ ಶುಕ್ರವಾರದ ಗೊಡವೆಗೆ ನಾವು ಎಂದಾದರೂ ಬಂದಿದ್ದೇವೆಯೇ? ನಮ್ಮ ಮನೆಯ ಬಾಗಿಲು ಮುರಿಯುವಂಥ ಮಾತು ನಿಮ್ಮ ಬಾಯಲ್ಲಿ ಏನಿದೆ? ಯಜಮಾನರ ಬಗ್ಗೆಯೇ? ಅವರು ಬದುಕಿದ್ದಾಗ ನಿಮ್ಮಲ್ಲಿಗೆ ಬಹಳ ಬರುತ್ತಿದ್ದರು. ಅವರು ನಿಮ್ಮ ಹತ್ತಿರ ಏನಾದರೂ ಹೇಳಿದ್ದರೆ ನೇರವಾಗಿ ಬರೆಯಿರಿ. ಇಲ್ಲವೆ, ಅದೂ ಒಂದು ಚೇಷ್ಟೆಯಾಗಿದ್ದರೆ, ಗಂಡನಿಲ್ಲದ ಹೆಂಗಸಿನ ಹತ್ತಿರ ಆಡುವ ಚೇಷ್ಟೆ ಅದಲ್ಲ.

ಅಂದು ಕುದಿದ ಗಾಡಿ ಇನ್ನೂ ಕೊಟ್ಟಿಗೆಯಲ್ಲೇ ನಿಂತಿದೆ. ಇನ್ನೊಮ್ಮೆ ಕುದಿದರೆ ಅಪ್ಪಣ್ಣನಿಗೆ ಗಾಡಿ ಕೊಡುವುದು ನಿಶ್ಚಯ. ಅತ್ತೆಯವರಿಗೆ ಇನ್ನೂ ತಿಳಿಸಿಲ್ಲ. ತಿಳಿಸುವ ದಿನ ನನ್ನ ಮನೆಯಲ್ಲಿ ಏನಾಗುತ್ತದೋ ಅದರ ಪಾಪವೂ ನಿಮ್ಮದೇ.

ಶಿವಗಂಗವ್ವ


ಗೋಕಾಕ
೨೯ ಮಾರ್ಚ್ ೧೯೩೮

ಶಿವಗಂಗವ್ವ ಅಕ್ಕಾರ,

ವೀರಪ್ಪನ ಬಗ್ಗೆ ನನ್ನ ಹಂತ್ಯಾಕ ಒಂದು ಮಾತೂ ಇಲ್ಲ. ಆಂವ ಬರತಿದ್ದ, ಚಹಾ ಕುಡಿತಿದ್ದ, ಗಾಡಿ ಮೈ ಒರಸ್ತಿದ್ದ, ಹೋಗತಿದ್ದ. ಆ ಸಂಶೇ ಮಾತ್ರ ಇವತ್ತ ಒಗದ ಬಿಡ್ರಿ. ಉಳಿದ ಸಂಶೇ ಎಲ್ಲಾ ನನ್ನ ಮ್ಯಾಲ ಹಾಕ್ರಿ, ನಾ ಹೊರತೇನಿ.

ನಮ್ಮಪ್ಪನ ಕುದುರಿಗೂ ವಾರಕ್ಕೊಂದ ಸುಟ್ಟಿ ಇತ್ತು. ನಾ ನೇಮ ಮುರಸಾಂವ ಅಲ್ಲ. ನೀವು ಸೋಮವಾರ ಗಾಡಿ ಕಳಸಂಗಿಲ್ಲ ಅಂದ್ರಿ, ಅದಕ್ಕ ಸೋಮವಾರ ನಾನ ನಿಮ್ಮ ಮನಿಗಿ ಬಂದೆ. ನಿನ್ನಿ ಮುಂಜಾನೆ. ನೀವು ಪ್ರತಿ ಸೋಮವಾರದಂಗ ಮಠಕ್ಕ ಹೋಗಿದ್ರಿ. ಬಾಳವ್ವಾಯಿ ಕೀಲಿ ತಗದಳು, ರೊಟ್ಟಿ ಕೊಟ್ಟಳು, ಖಾರಬ್ಯಾಳಿ ಕೊಟ್ಟಳು, ನಡುವ ನಾಕ ಬೈಗಳಾನೂ ಕೊಟ್ಟಳು. ಎಲ್ಲಾ ರುಚಿ ಇದ್ದೂ.

ಒಳಗಿಂದೆಲ್ಲ ಸೋಡಾ ಹಾಕಿ ತೊಳದೇನಿ. ಎಂಜಿನ ಬಾಜೂಕ ಹೊಸಾದೊಂದು ಹಿತ್ತಾಳಿ ಬಾಯಿ ಕೂಡ್ರಿಸೇನಿ, ಮುಚ್ಚಳಾ ಐತಿ. ಮುಂದಿನ ಬಾಯಿ ನೀರಿಗಿ. ಈ ಬಾಜೂ ಬಾಯಿ ಗಾಡಿ ಸಮಾಧಾನಕ್ಕ. ಯಾಕ, ಏನು ಅಂತ ಕೇಳಬ್ಯಾಡ್ರಿ. ಕೇಳಿದರೂ ಹೇಳಂಗಿಲ್ಲ, ಒಬ್ಬರಿಗಿ ಮಾತ ಕೊಟ್ಟೇನಿ. ಅದನ್ನ ಯಾರಿಗೂ ಮುಚ್ಚಾಕ ಬಿಡಬ್ಯಾಡ್ರಿ. ಇಷ್ಟ ನನ್ನ ಬೇಡಿಕಿ.

ಗಾಡಿ ನಿಂತರ ಮಾತು ಓಡತಾವು. ಗಾಡಿ ಓಡಿದರ ಮಾತು ನಿಲ್ಲತಾವು. ನೋಡಕೋತ ಇರ್ರಿ.

ಬಾಬಾಲಾಲ


ಮೂಡಲಗಿ
೧ ಜೂನ್ ೧೯೩೮

ಬಾಬಾಲಾಲ ಮಿಸ್ತ್ರಿಯವರಿಗೆ,

ಮೊದಲು ನ್ಯಾಯದ ಮಾತು. ಎರಡು ತಿಂಗಳು ಗಾಡಿ ಕುದಿಯಲಿಲ್ಲ. ಯುಗಾದಿಗೆ ಓಡಿತು, ಮದುವೆಗಳಿಗೆ ಓಡಿತು, ಬಿಟ್ಟುಹೋದ ಕೋರ್ಟಿನ ಗಿರಾಕಿಗಳೂ ತಿರುಗಿ ಬಂದರು. ನಾನು ನಿಮಗೆ ಪತ್ರ ಬರೆಯಲಿಲ್ಲ. ಬರೆದರೆ ಹೊಗಳಬೇಕಾಗುತ್ತಿತ್ತು, ಹೊಗಳಲು ನನಗೆ ಧೈರ್ಯವಿರಲಿಲ್ಲ. ಓಡುವ ಗಾಡಿಯ ಮೇಲೂ ಸಂಶಯಪಡುವವಳು ನಾನೊಬ್ಬಳೇ ಇರಬೇಕು.

ಸಂಶಯ ಬರದೆ ಏನು ಮಾಡಲಿ? ನಾನು ಮನೆಯಲ್ಲಿಲ್ಲದ ಹೊತ್ತು ನೋಡಿ ಬಂದಿರಿ. ಅಂದಿನಿಂದ ಅತ್ತೆಯವರ ಬಾಯಲ್ಲಿ ನಿಮ್ಮದೇ ಹೆಸರು. "ಬಾಬಾಲಾಲ ಛಲೋ ಮನಷ್ಯಾ, ಅವನ ಮ್ಯಾಲ ಹರಿಹಾಯಬ್ಯಾಡ" ಎನ್ನುತ್ತಾರೆ. ನಾನು, "ಅತ್ತಿ, ಆ ಹಿತ್ತಾಳಿ ಬಾಯಿ ಯಾತಕ್ಕ?" ಎಂದರೆ, "ನನಗೇನ ಗೊತ್ತ ಯವ್ವಾ, ನಾ ಏನು ಮೋಟಾರ ಸಾಲಿ ಕಲ್ತೇನೇನು?" ಎಂದು ಎದ್ದು ಒಳಗೆ ಹೋಗುತ್ತಾರೆ. ನಮ್ಮ ಅತ್ತೆಯವರು ಸುಳ್ಳು ಹೇಳುವಾಗ ಕಿವಿಯ ಬುಗುಡಿ ಮುಟ್ಟಿಕೊಳ್ಳುತ್ತಾರೆ. ಆಗ ಮುಟ್ಟಿಕೊಂಡರು.

ಹೋದ ವಾರ ಮದುವೆಯ ದಿಬ್ಬಣ ಕರೆದುಕೊಂಡು ಗಾಡಿ ಹುಕ್ಕೇರಿಗೆ ಹೋಯಿತು. ನನ್ನ ತವರು ಘೋಡಗೇರಿಗೆ ಇಳಿಯಬೇಕೆಂದು ನಾನೂ ಹೋಗಿ, ಮೊದಲು ಹುಕ್ಕೇರಿಯ ಒಬ್ಬ ಮಿಸ್ತ್ರಿಗೆ ಗಾಡಿ ತೋರಿಸಿದೆ. ಅವನು ಆ ಹಿತ್ತಾಳೆ ಬಾಯಿಗೆ ಒಂದು ತಂಬಿಗೆ ನೀರು ಹೊಯ್ದ. ನೀರು ಅವನ ಕಾಲ ಮೇಲೆಯೇ ಬಿತ್ತು.

"ಅಕ್ಕಾರ, ಈ ನಳಗಿ ಎಲ್ಲಿಗೂ ಮುಟ್ಟಿಲ್ಲ. ಮ್ಯಾಲ ಹೊಯ್ದದ್ದು ಸೀದಾ ನೆಲಕ್ಕ ಬೀಳತೈತಿ. ಗೋಕಾಕದ ಮುದುಕ ನಿಮ್ಮನ್ನ ಮಂಗ್ಯಾ ಮಾಡ್ಯಾನ."

ಸುತ್ತ ನಿಂತ ದಿಬ್ಬಣದವರೆಲ್ಲ ನಕ್ಕರು. ಎರಡು ತಿಂಗಳು ಎಲ್ಲಿಗೂ ಮುಟ್ಟದ ಒಂದು ಕೊಳವೆಯನ್ನು ನಾನು ಹುಣಸೆಹಣ್ಣು ಹಚ್ಚಿ ತಿಕ್ಕಿಸಿ, ಹೊಳಪು ಕೊಡಿಸಿದ್ದೆ. ಅಲ್ಲಿಯೇ ಆ ಮುಚ್ಚಳ ಕೀಳಿಸಿ, ತಗಡು ಬಡಿಸಿ ಮುಚ್ಚಿಸಿದೆ.

ನಿನ್ನೆ ಮಂಗಳವಾರ ಫಾಲ್ಸ್ ಏರು ಹತ್ತುವಾಗ ಗಾಡಿ ಕುದಿಯಿತು. ಅದೇ ಹಳದಿ ನೊರೆ. ಅಂದರೆ ನೀವು ದುರಸ್ತಿಯನ್ನೇ ಮಾಡಿರಲಿಲ್ಲ. ಎರಡು ತಿಂಗಳು ದೇವರು ಓಡಿಸಿದ್ದಾನೆ.

ಗಾಡಿಯನ್ನು ಅಪ್ಪಣ್ಣನಿಗೆ ಕೊಡುವುದು ಗೊತ್ತಾಗಿದೆ. ಎತ್ತಿನ ಹಬ್ಬ ಕಾರಹುಣ್ಣಿಮೆ ಮುಗಿಸಿ, ಮರುದಿನ ಮಂಗಳವಾರ ಬಂದು ಒಯ್ಯುತ್ತಾನೆ. ಅತ್ತೆಯವರಿಗೆ ಹೇಳಿದೆ. ಅವರು ಕೊಟ್ಟಿಗೆಯ ಕೀಲಿಕೈಯನ್ನು ಉಡಿಯಿಂದ ತೆಗೆದು ನೋಡಿ, ಮತ್ತೆ ಉಡಿಗೇ ಕಟ್ಟಿಕೊಂಡರು. ಅಂದಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ.

ನೀವು ಇದಕ್ಕೆ ಉತ್ತರ ಬರೆಯುವ ಅವಶ್ಯಕತೆ ಇಲ್ಲ. ಬರೆಯುವುದಿದ್ದರೆ ನಮ್ಮ ವಕೀಲರಿಗೆ ಬರೆಯಿರಿ.

ಶಿವಗಂಗವ್ವ


ಗೋಕಾಕ
೪ ಜೂನ್ ೧೯೩೮

ಶಿವಗಂಗವ್ವಾ,

ಅಕ್ಕಾರ ಅನ್ನೂದು ಬಿಟ್ಟೇನಿ. ನಿಮ್ಮ ಅಪ್ಪನ ವಯಸ್ಸಿನ್ಯಾಂವ ಆಗಿ ಬರ್‍ಯಾಕತ್ತೇನಿ. ಈ ಪತ್ರದಾಗ ಚೇಷ್ಟಿ ಇಲ್ಲ, ಹುಡಕಬ್ಯಾಡ್ರಿ.

ಹುಕ್ಕೇರಿಗಿ ಹೋದಾವರಿಗಿ ಹುಕಿ ಏರತೈತಿ ಅಂತಾರ. ನೋಡ್ರಿ, ಒಂದು ಜಾರಿತು. ಚಟಾ, ಹೋಗಂಗಿಲ್ಲ.

ಹುಕ್ಕೇರಿ ಮಿಸ್ತ್ರಿ ಹೇಳಿದ್ದು ಖರೆ. ಆ ನಳಗಿ ಎಲ್ಲಿಗೂ ಮುಟ್ಟಿದ್ದಿಲ್ಲ. ಮುಟ್ಟಬಾರದು ಅಂತನ ನಾ ಕೂಡ್ರಿಸಿದ್ದೆ. ಅದನ್ನ ಮುಚ್ಚಬ್ಯಾಡ್ರಿ ಅಂತ ಕೈ ಮುಗದಿದ್ದೆ. ಮುಚ್ಚಿದ್ರಿ, ಮುಂದಿನ ಮಂಗಳವಾರನ ಕುದೀತು. ಇದರ ಅರ್ಥ ದೇವರ ಓಡಿಸಿದಾ ಅಂತಲ್ಲ.

ಕಾರಹುಣ್ಣಿವಿ ಸೋಮವಾರನ ಬಂದೈತಿ. ಅವತ್ತ ಮಠಕ್ಕ ಹೋಗಬ್ಯಾಡ್ರಿ. ಹೋಗತೇನಿ ಅಂತ ಹೇಳಿ, ಹಿತ್ತಲದಿಂದ ತಿರಗಿ ಬಂದು ಕೊಟ್ಟಿಗ್ಯಾಗ ಸುಮ್ಮನ ಕೂಡ್ರಿ. ನೀವು ನೋಡಿದರ ನನ್ನ ಮಾತೂ ಉಳೀತು, ನಿಮ್ಮ ಕೆಲಸಾನೂ ಆತು. ನಾ ಯಾರಿಗೂ ಹೇಳಿದಂಗ ಆಗಂಗಿಲ್ಲ.

ನೋಡಿದ ಮ್ಯಾಲೂ ಗಾಡಿ ಕೊಡೂದಿದ್ದರ ಕೊಡ್ರಿ. ವಕೀಲನ್ನ ಕರಕೊಂಡ ಬರ್ರಿ, ಅವಂಗೂ ಚಹಾ ಮಾಡಸ್ತೇನಿ. ಆದರ ನೋಡಿದ ಮ್ಯಾಲ ಬಾಯಿ ಬಿಡೂ ಮೊದಲು ಒಂದ ಗಳಗಿ ನಿಲ್ರಿ. ನೀವು ಮಾತು ಭಾಳ ಖಡಕ್ ಆಡತೀರಿ. ನನಗ ಆಡಿದರ ನಡೀತು, ನನ್ನ ಚರ್ಮಾ ಟಾಂಗಾದ ಚರ್ಮಾ.

ಬಾಬಾಲಾಲ


ಮೂಡಲಗಿ
೧೪ ಜೂನ್ ೧೯೩೮, ಮಂಗಳವಾರ

ಬಾಬಾಲಾಲ ಕಾಕಾ ಅವರಿಗೆ,

ನಿನ್ನೆ ನೀವು ಹೇಳಿದಂತೆಯೇ ಮಾಡಿದೆ. ನಿಮ್ಮ ಮಾತು ನಂಬಿ ಮಾಡಿದ್ದಲ್ಲ. ಶೆಟ್ಟೆಪ್ಪನಿಗೂ ನಿಮಗೂ ಒಳಗೊಳಗೇ ಏನೋ ಇದೆ, ಇವತ್ತು ಹಿಡಿಯುತ್ತೇನೆ ಎಂದುಕೊಂಡೇ ಹಿತ್ತಲಿನಿಂದ ಬಂದು, ಹೊಟ್ಟಿನ ರಾಶಿಯ ಹಿಂದೆ ಕೂತೆ. ಕೈಯಲ್ಲಿ ಕುಡಗೋಲೂ ಇತ್ತು.

ಕೀಲಿ ತೆಗೆದ ಸಪ್ಪಳವಾಯಿತು. ಒಳಗೆ ಬಂದವರು ಅತ್ತೆಯವರು.

ತಲೆಯ ಮೇಲಿಂದ ಸ್ನಾನ ಮಾಡಿ, ಒದ್ದೆ ಕೂದಲು ಗಂಟು ಹಾಕಿಕೊಂಡಿದ್ದರು. ಒಂದು ಕೈಯಲ್ಲಿ ಗಂಗಾಳ, ಇನ್ನೊಂದು ಕೈಯಲ್ಲಿ ಬಿದಿರಿನ ಗೊಟ್ಟ. ಎತ್ತಿನ ಬಾಯಿ ಎತ್ತಿ ಹಿಡಿದು, ಎಣ್ಣೆ ಔಷಧ ಹೊಯ್ಯುತ್ತೇವಲ್ಲ, ಆ ಹಳೆಯ ಗೊಟ್ಟ. ಎತ್ತು ಮಾರಿದ ದಿನ ಅದನ್ನೂ ಯಾರಿಗೋ ಕೊಟ್ಟೆವು ಎಂದು ನಾನು ತಿಳಿದಿದ್ದೆ. ಗಂಗಾಳದಲ್ಲಿ ಕುಸುಬೆ ಎಣ್ಣೆ, ಅರಿಶಿನ, ಬೆಲ್ಲ, ಮಜ್ಜಿಗೆ ಕಲಸಿದ್ದರು. ಅದರ ಬಣ್ಣ ನೋಡಿದ ಕೂಡಲೇ ನನಗೆ ಕೋರ್ಟಿನವರ ಧೋತರ ನೆನಪಾಯಿತು.

ಅವರು ಗಾಡಿಯ ಎರಡೂ ದೀಪಗಳಿಗೆ ಗೊಂಡೆ ಕಟ್ಟಿದರು. ಮುಂದಿನ ಗಾಲಿಗಳಿಗೆ ವಿಭೂತಿ ಹಚ್ಚಿದರು. ಆಮೇಲೆ ಬಾಜೂಕ್ಕೆ ಬಂದು ಕೈಯಾಡಿಸಿ ಹುಡುಕಿದರು. ಕಣ್ಣು ಈಗೀಗ ಸರಿಯಾಗಿ ಕಾಣುವುದಿಲ್ಲ. ಬೆರಳು ತಗಡಿಗೆ ತಾಗಿತು.

"ಹೋದ ಸಲಾನೂ ಹಿಂಗ ಇತ್ತಲ್ಲೋ, ತಿರಗಿ ಮುಂದಿನ ಬಾಯಿಗೇ ಹಾಕಿದೆ. ಯಾರ ಹೊಲದ್ರೋ ನಿನ್ನ ಬಾಯಿ? ಬಾಬಾಲಾಲ ಬಂದು ಹೇಳಿ ಹೋಗ್ಯಾನ, ಆಯಿ, ಮುಂದಿನ ಬಾಯಿಗಿ ಹಾಕಬ್ಯಾಡ, ಅದಕ್ಕ ಗಂಟಲಾಗ ಠಸ್ಕಿ ಹತ್ತತೈತಿ, ಬಾಜೂ ಬಾಯಿಗಿ ಹಾಕು ಅಂತ. ಈ ಬಾಯೀನ ಇಲ್ಲಂದರ ನಾ ಏನ ಮಾಡ್ಲಿ? ಹಬ್ಬದ ದಿವಸ ಉಪಾಸ ಹೆಂಗ ಬಿಡ್ಲಿ? ನಾಳೆ ಹುಕ್ಕೇರ್‍ಯಾಂವ ಬಂದು ಒಯ್ತಾನಂತ. ಅಂವಗ ನಿನ್ನ ನೇಮ ಏನ ಗೊತ್ತೈತಿ?"

ಕಾಕಾ, ನಾನು ಎದ್ದು ನಿಲ್ಲುವವಳಿದ್ದೆ. ಬಾಯಿ ಬಿಡುವ ಮೊದಲು ಒಂದು ಗಳಿಗೆ ನಿಲ್ಲಿರಿ ಎಂದು ನೀವು ಬರೆದಿದ್ದಿರಿ. ನಿಂತೆ. ನಿಂತದ್ದಕ್ಕೆ ಮುಂದಿನ ಮಾತು ಕೇಳಿಸಿತು.

"ವೀರ್‍ಯಾ ಇದ್ದಾಗ ನಿನ್ನ ಮೈ ತಿಕ್ಕಾಂವ ಒಬ್ಬಾಂವರ ಇದ್ದ. ಈಗ ನೀನೂ ದುಡಿತಿ, ಗಂಗವ್ವಾನೂ ದುಡಿತಾಳ. ಆಕಿ ಮಾರಿ ನೋಡೀಯೇನು? ಕಡ್ಡಿ ಆಗ್ಯಾಳ. ಎಲ್ಲಾರ ಮ್ಯಾಲೂ ಸಂಶೇ, ಒಬ್ಬಾಕಿನ ಹೊರತಾಳ. ನಿನಗಾದರ ನಾ ಗೊಟ್ಟ ಹಾಕತೇನಿ. ಆಕಿಗಿ ಯಾರ ಹಾಕಬೇಕೋ?"

ನಾನು ಹೊಟ್ಟಿನ ಹಿಂದಿನಿಂದ ಎದ್ದೆ. ಅತ್ತೆಯವರು ಬೆಚ್ಚಿ, ಗೊಟ್ಟವನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಅದರ ತುದಿ ಹೊರಗೇ ಕಾಣುತ್ತಿತ್ತು.

"ಹುಚ್ಚಿ ಅನಬ್ಯಾಡ ಯವ್ವಾ."

"ಅನ್ನಂಗಿಲ್ಲ ಅತ್ತಿ."

"ಮೋಟಾರಕ್ಕ ಹಿಂಗ ಹಾಕಬಾರದೇನು?"

ಏನು ಹೇಳಲಿ? ಹೌದು ಎಂದರೆ ಇಷ್ಟು ದಿನ ಗಾಡಿ ನಿಂತದ್ದೆಲ್ಲ ಅವರ ಕೈಯಿಂದ ಎಂದು ಆ ಕ್ಷಣವೇ ತಿಳಿಯುತ್ತಿತ್ತು. ಕುಡಗೋಲಿನ ತುದಿಯಿಂದ ತಗಡು ಎಬ್ಬಿಸಿ ಕಿತ್ತೆ. ಕೆಳಗೆ ನಿಮ್ಮ ನಳಗಿ ಹಾಗೆಯೇ ಇತ್ತು. ನಾನು ಗೊಟ್ಟ ಹಿಡಿದೆ, ಅವರು ಹೊಯ್ದರು. ಎಣ್ಣೆ ಇಳಿದು, ಕೆಳಗಿನ ಮಣ್ಣಿಗೆ ಬಿದ್ದು, ನನ್ನ ಪಾದದ ಮೇಲೂ ಬಿತ್ತು.

ಅತ್ತೆಯವರು ಬಗ್ಗಿ ನೋಡಿದರು.

"ಅರ್ಧಾ ಚೆಲ್ಲತೈತಿ," ಎಂದರು. "ಚೆಲ್ಲಲಿ. ಎತ್ತೂ ಹಿಂಗ ಮಾಡತಿದ್ದೂ."

ನೀವು ಮಾರ್ಚ್ ತಿಂಗಳಲ್ಲಿಯೇ ಇದನ್ನು ಬರೆಯಬಹುದಿತ್ತಲ್ಲ ಎಂದು ರಾತ್ರಿ ನಿಮ್ಮ ಮೇಲೆ ಮತ್ತೆ ಸಿಟ್ಟು ಬಂತು. ಆಮೇಲೆ ಮಾರ್ಚ್ ತಿಂಗಳ ನನ್ನನ್ನು ನೆನೆಸಿಕೊಂಡೆ. ಆಗ ತಿಳಿದಿದ್ದರೆ ಅತ್ತೆಯವರ ಉಡಿಯಿಂದ ಕೀಲಿಕೈ ಕಿತ್ತುಕೊಂಡು, ಓಣಿಯವರೆಲ್ಲ ಕೇಳುವಂತೆ ಏನೇನು ಅನ್ನುತ್ತಿದ್ದೆನೋ. ಗೊಟ್ಟ ಒಲೆಗೆ ಬೀಳುತ್ತಿತ್ತು. ಆ ಮಾತು ಮಾತ್ರ ನಾನು ಕೇಳುತ್ತಿರಲಿಲ್ಲ.

ಇಂದು ಬೆಳಿಗ್ಗೆ ಅಪ್ಪಣ್ಣ ಬಂದಿದ್ದ. "ಗಾಡಿ ಕೊಡೂದಿಲ್ಲ" ಎಂದೆ. "ಯಾಕ್ರಿ, ಮಾತ ಆಗಿತ್ತಲ್ಲ?" ಎಂದ. ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರು ಬುಗುಡಿ ಮುಟ್ಟಿಕೊಂಡು, "ಅದು ನಿನ್ನೆಯಿಂದ ಗಬ್ಬ ಐತೆಪಾ, ಗಬ್ಬದ ದನಾ ಮಾರಬಾರದು" ಎಂದರು. ಅವನು ಚಹಾ ಅರ್ಧಕ್ಕೇ ಬಿಟ್ಟು ಹೋದ. ಈ ಚೇಷ್ಟೆ ನಿಮ್ಮ ಸಹವಾಸದಿಂದಲೇ ಬಂದದ್ದು, ಅಲ್ಲವೆನ್ನಬೇಡಿ.

ಶೆಟ್ಟೆಪ್ಪ ಒಳಗೆಲ್ಲ ಸೋಡಾ ಹಾಕಿ ತೊಳೆದಿದ್ದಾನೆ. ಅವನನ್ನು ಕರೆದು, "ತಪ್ಪು ತಿಳಕೊಂಡಿದ್ದೆ" ಎಂದು ಹೇಳಿದೆ. "ಅದ ಗೊತ್ತಿತ್ತ ಬಿಡ್ರಿ ಅವ್ವಾರ" ಎಂದ. ಈ ಪತ್ರವನ್ನು ಅವನೇ ಗಾಡಿಯಲ್ಲಿ ತರುತ್ತಿದ್ದಾನೆ. ಇಂದು ಮಂಗಳವಾರ. ಪತ್ರ ನಿಮ್ಮ ಕೈ ಮುಟ್ಟಿದರೆ ಗಾಡಿ ಕುದಿಯಲಿಲ್ಲವೆಂದು ತಿಳಿಯಿರಿ.

ಕೂಲಿ ಬ್ಯಾಡ ಅನಬ್ಯಾಡ್ರಿ ಕಾಕಾ, ಅಂದರ ಮತ್ತ ಸಂಶೇ ಬರತೈತಿ. ಆ ಸುಳ್ಳ ಬಾಯಿ ತಿರಗಾ ಕೂಡ್ರಿಸಿ ಕೊಡ್ರಿ. ಈ ಸಲ ತುಸು ಅಗಲ ಇರಲಿ. ಗೊಟ್ಟ ಹಿಡ್ಯಾಕ ಈಗ ಇಬ್ಬರು ಅದೇವಿ.

ನಿಮ್ಮ
ಗಂಗವ್ವ